ಸ್ತನ ಪುನರ್ರಚನೆ ಮತ್ತು ತೋಳಿನ ಬಾವು: ಚರಿತ್ರೆ

ಕ್ಯಾನ್ಸರಿಗಾಗಿ ಸ್ತನವನ್ನು ತೆಗೆದ ಮೇಲೆ ಎದೆಯ ಆಕಾರವನ್ನು ಮತ್ತೆ ಕಟ್ಟುವ ಶಸ್ತ್ರಕ್ರಿಯೆ ಸ್ತನ ಪುನರ್ರಚನೆ. ಅದೇ ಕ್ಯಾನ್ಸರ್ ಚಿಕಿತ್ಸೆಯ ಬಳಿಕ ತೋಳಿನಲ್ಲಿ ದುಗ್ಧರಸ ನಿಂತು ಬರುವ ಊತ ಲಿಂಫೆಡಿಮಾ. ಇವೆರಡನ್ನೂ ನೋಡುವ ವೈದ್ಯರು ಬೇರೆ, ಪಠ್ಯಪುಸ್ತಕದ ಅಧ್ಯಾಯಗಳೂ ಬೇರೆ. ಆದರೆ ಎರಡರ ಕಥೆಯೂ ಒಬ್ಬನೇ ಶಸ್ತ್ರವೈದ್ಯನ ಮೇಜಿನಿಂದ ಹೊರಡುತ್ತದೆ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವಿವರ ಪ್ರಕಟಿಸಿದ. ಸ್ತನ, ಅದರಡಿಯ ದೊಡ್ಡ ಎದೆಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು ಇವೆಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯುವುದು ಈತನ ಕ್ರಮ. ಗಾಯದ ಜಾಗದಲ್ಲಿ ರೋಗ ಮರುಕಳಿಸುವುದು ಇದರಿಂದ ಬಹಳ ತಗ್ಗಿತು. ಹಾಗಾಗಿ ಮುಂದಿನ ಮುಕ್ಕಾಲು ಶತಮಾನ ಇದನ್ನು ಪ್ರಶ್ನಿಸಿದವರು ಕಡಿಮೆ. ಗಾಯದ ಮೇಲೆ ಬೇರೆಡೆಯ ಮಾಂಸ ಹೊದಿಸಿದರೆ ಅಡಿಯಲ್ಲಿ ಮತ್ತೆ ಹುಟ್ಟಿದ ಗಂಟು ಕಣ್ಣಿಗೆ ಬೀಳದೆ ಹೋದೀತೆಂಬ ಆತಂಕವೂ ಈ ಪರಂಪರೆಯದೇ. ಎದೆ ಕಟ್ಟುವ ಪ್ರಯತ್ನಗಳಿಗೆ ಅದು ದಶಕಗಳ ಕಾಲ ಅಡ್ಡ ನಿಂತಿತು.

ಇನ್ನು ತೋಳಿನ ಮಾತು. ಸ್ತನದ ದುಗ್ಧರಸ ಹರಿಯುವ ದಾರಿ ಕಂಕುಳು, ತೋಳಿನದ್ದೂ ಅದೇ. ಅಲ್ಲಿನ ಗ್ರಂಥಿಗಳನ್ನು ಬಳಿದು ತೆಗೆದರೆ ಕ್ಯಾನ್ಸರಿನ ಹಾದಿಯ ಜೊತೆಗೆ ತೋಳಿನ ಹಾದಿಯೂ ಮುಚ್ಚುತ್ತದೆ. ರಸ ನಿಲ್ಲುತ್ತದೆ, ಅದರೊಡನೆ ಪ್ರೋಟೀನು ನಿಲ್ಲುತ್ತದೆ, ಕಾಲಕ್ರಮದಲ್ಲಿ ಚರ್ಮ ದಪ್ಪಗಾಗಿ ಗಡುಸಾಗುತ್ತದೆ. 1921ರಲ್ಲಿ ಹಾಲ್‌ಸ್ಟೆಡ್ ತಾನೇ ಈ ಊತದ ಬಗ್ಗೆ ಲೇಖನ ಬರೆದು, ಶಸ್ತ್ರಕ್ರಿಯೆಯಿಂದ ಬಂದ ಆನೆಬಾವು ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ಆನೆಕಾಲು ರೋಗ ಕಂಡಿರುವ ಕರಾವಳಿಯವರಿಗೆ ಆ ಹೆಸರಿನ ಭಾರ ಬೇಗ ತಿಳಿದೀತು. ದೋಷವನ್ನು ಆತ ಬಹುಮಟ್ಟಿಗೆ ಗಾಯದ ಸೋಂಕಿನ ಮೇಲೆ ಹೊರಿಸಿದ. ಸೋಂಕು ಬಾವನ್ನು ಹೆಚ್ಚಿಸುವುದು ನಿಜವೇ. ಆದರೆ ಜೀವ ಉಳಿದದ್ದೇ ದೊಡ್ಡದು, ತೋಳು ಊದಿದರೇನು ಎಂಬ ಧೋರಣೆ ಬಹುಕಾಲ ಉಳಿಯಿತು. ದೀರ್ಘಕಾಲ ಊದಿದ ತೋಳಿನಲ್ಲಿ ಅಪರೂಪದ ಬೇರೊಂದು ಕ್ಯಾನ್ಸರೇ ಹುಟ್ಟಬಲ್ಲದೆಂದು 1948ರಲ್ಲಿ ಸ್ಟೂವರ್ಟ್ ಮತ್ತು ಟ್ರೀವ್ಸ್ ವರದಿ ಮಾಡಿದರು.

ಪುನರ್ರಚನೆಯ ಮೊದಲ ದಾಖಲೆ ಜರ್ಮನಿಯ ಹೈಡೆಲ್‌ಬರ್ಗಿನದು. 1895ರಲ್ಲಿ ವಿನ್ಸೆಂಟ್ಸ್ ಚೆರ್ನಿ ರೋಗಿಯ ಸೊಂಟದ ಬಳಿಯಿದ್ದ ಕೊಬ್ಬಿನ ಗಡ್ಡೆಯನ್ನೇ ಎತ್ತಿ ಎದೆಯಲ್ಲಿಟ್ಟ. ಆಕೆಗಿದ್ದದ್ದು ಕ್ಯಾನ್ಸರಲ್ಲ, ನಿರಪಾಯದ ಗಂಟು. ಮುಂದಿನ ವರ್ಷಗಳಲ್ಲಿ ಇಟಲಿಯ ಇಜಿನಿಯೊ ತನ್ಸೀನಿ ಬೆನ್ನಿನ ಅಗಲ ಸ್ನಾಯುವನ್ನು ಚರ್ಮಸಮೇತ ಮುಂದಕ್ಕೆ ತಿರುಗಿಸಿ ಗಾಯ ಮುಚ್ಚಿದ. ಈ ಉಪಾಯ ಮರೆತುಹೋಗಿ, 1976ರಲ್ಲಿ ಒಲಿವಾರಿಯ ಕೈಯಲ್ಲಿ ಮತ್ತೆ ಎದ್ದಿತು. ನಡುವೆ ಬ್ರಿಟನ್ನಿನ ಹೆರಾಲ್ಡ್ ಗಿಲೀಸ್, ಯುದ್ಧಗಾಯಗಳಿಗೆ ಬಳಸಿದ ಕೊಳವೆಯಂಥ ಚರ್ಮದ ತುಂಡನ್ನು ಹೊಟ್ಟೆಯಿಂದ ಹಂತಹಂತವಾಗಿ ಎದೆಗೆ ಸಾಗಿಸುತ್ತಿದ್ದ. ಒಂದು ಎದೆಗೆ ಹಲವು ಶಸ್ತ್ರಕ್ರಿಯೆ, ಹಲವು ತಿಂಗಳು.

1962ರಲ್ಲಿ ಹ್ಯೂಸ್ಟನ್ನಿನ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಸಿಲಿಕೋನ್ ಚೀಲವನ್ನು ಮೊದಲಬಾರಿಗೆ ಅಳವಡಿಸಿದ್ದು ಸೌಂದರ್ಯಕ್ಕಾಗಿ. 1971ರ ಹೊತ್ತಿಗೆ ಅದು ಕ್ಯಾನ್ಸರ್ ರೋಗಿಗಳಿಗೂ ಬಂತು. ಉಳಿದ ಚರ್ಮ ಬಿಗಿಯಾಗಿ ಜಾಗ ಸಾಲದಾಗ ಬಲೂನಿನಂಥ ಚೀಲ ಹೂತು, ವಾರವಾರ ಉಪ್ಪುನೀರು ತುಂಬಿ ಚರ್ಮ ಹಿಗ್ಗಿಸುವ ವಿಧಾನವನ್ನು ರದೊವಾನ್ ರೂಢಿಗೆ ತಂದ. 1992ರಲ್ಲಿ ಅಮೆರಿಕ ಸರಕಾರ ಸಿಲಿಕೋನ್ ಜೆಲ್ ಚೀಲಗಳ ಬಳಕೆಯನ್ನು ಕಟ್ಟುನಿಟ್ಟಾಗಿ ಮಿತಿಗೊಳಿಸಿ, 2006ರಲ್ಲಿ ಮತ್ತೆ ಅನುಮತಿಸಿತು. ಸ್ವಂತ ಮಾಂಸದ ದಾರಿಯಲ್ಲಿ ದೊಡ್ಡ ತಿರುವು ಅಟ್ಲಾಂಟಾದ ಹಾರ್ಟ್ರಾಂಫ್‌ನದು: 1982ರಲ್ಲಿ ಕಿಬ್ಬೊಟ್ಟೆಯ ಕೊಬ್ಬನ್ನು ಸ್ನಾಯುವಿನ ಜೊತೆಗೆ ಮೇಲಕ್ಕೆಳೆದು ಎದೆ ಮಾಡಿದ. ಸ್ನಾಯುವನ್ನು ಬಿಟ್ಟು ಸಣ್ಣ ರಕ್ತನಾಳಗಳನ್ನಷ್ಟೇ ಬಿಡಿಸಿ ಕೊಬ್ಬು ತೆಗೆಯಬಹುದೆಂದು ಜಪಾನಿನ ಇಸಾವೊ ಕೊಶಿಮಾ ತೋರಿಸಿಕೊಟ್ಟದ್ದು 1989ರಲ್ಲಿ. ಅದನ್ನು ಸ್ತನಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ನ್ಯೂ ಓರ್ಲಿಯನ್ಸಿನ ರಾಬರ್ಟ್ ಆಲನ್.

ಈ ಬೆಳವಣಿಗೆಗೆ ಕತ್ತರಿಸುವ ಶಸ್ತ್ರಕ್ರಿಯೆಯೇ ಕಿರಿದಾದದ್ದೂ ನೆರವಾಯಿತು. ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಪರೀಕ್ಷೆಯು, ಹಾಲ್‌ಸ್ಟೆಡ್ ಕ್ರಮದಿಂದ ಆಯುಷ್ಯವೇನೂ ಹೆಚ್ಚಾಗುವುದಿಲ್ಲವೆಂದು ಖಚಿತಪಡಿಸಿತು. ತೋಳಿಗೆ ನಿಜವಾದ ಬಿಡುಗಡೆ ಸಿಕ್ಕಿದ್ದು 1994ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಗಿಯುಲಿಯಾನೊ ಕಾವಲು ಗ್ರಂಥಿಯ ವಿಧಾನವನ್ನು ಸ್ತನಕ್ಕೆ ತಂದಾಗ. ಬಣ್ಣ ಚುಚ್ಚಿ, ರಸ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನು ಗುರುತಿಸಿ, ಅವಷ್ಟನ್ನೇ ತೆಗೆದು ನೋಡುವುದು. ಹಲವು ಅಧ್ಯಯನಗಳನ್ನು ಕೂಡಿಸಿದ 2013ರ ವಿಶ್ಲೇಷಣೆಯಲ್ಲಿ, ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಶೇ. 19.9 ಮಂದಿಗೆ ಬಾವು ಬಂದರೆ ಕಾವಲು ಗ್ರಂಥಿಗಷ್ಟೇ ಸೀಮಿತವಾದವರಲ್ಲಿ ಶೇ. 5.6 ಮಂದಿಗೆ.

ಹಾಗಾದರೆ ಪುನರ್ರಚನೆಯಿಂದ ಬಾವು ಹೆಚ್ಚುತ್ತದೆಯೇ? ಮತ್ತೊಂದು ಶಸ್ತ್ರಕ್ರಿಯೆ, ಮತ್ತೊಂದು ಗಾಯ ಎಂದು ರೋಗಿಗಳೂ ವೈದ್ಯರೂ ಅಂಜಿದ್ದುಂಟು. ಈವರೆಗಿನ ಅಧ್ಯಯನಗಳು ಆ ಅಂಜಿಕೆಯನ್ನು ಬೆಂಬಲಿಸುವುದಿಲ್ಲ. ಪುನರ್ರಚನೆಯಾದವರಲ್ಲಿ ಬಾವು ಕಡಿಮೆ ಎಂದವೂ ಇವೆ. ಆದರೆ ಅದರಿಂದ ಎದೆ ಕಟ್ಟಿಸಿಕೊಂಡರೆ ತೋಳಿಗೆ ರಕ್ಷೆ ಎಂದು ಹೇಳಲಾಗದು. ಪುನರ್ರಚನೆಗೆ ಹೋಗುವವರು ಸಾಮಾನ್ಯವಾಗಿ ಕಿರಿಯರು, ಅವರಲ್ಲಿ ವಿಕಿರಣ ಚಿಕಿತ್ಸೆ ಪಡೆದವರೂ ಕಡಿಮೆ. ಅಪಾಯವನ್ನು ನಿರ್ಧರಿಸುವುದು ಮುಖ್ಯವಾಗಿ ಕಂಕುಳಲ್ಲಿ ಎಷ್ಟು ತೆಗೆದರು, ಅಲ್ಲಿಗೆ ವಿಕಿರಣ ಕೊಟ್ಟರೇ, ಮೈತೂಕವೆಷ್ಟು, ಸೋಂಕು ಬಂತೇ ಎಂಬವು. ಅಮೆರಿಕದ 1998ರ ಕಾನೂನೊಂದು ಸ್ತನಛೇದನಕ್ಕೆ ವಿಮೆ ಕೊಡುವವರು ಪುನರ್ರಚನೆಗೂ ಲಿಂಫೆಡಿಮಾ ಚಿಕಿತ್ಸೆಗೂ ಕೊಡಬೇಕೆಂದಿತು. ಎರಡು ಸಮಸ್ಯೆಗಳು ಕಾಗದದ ಮೇಲೆ ಒಂದಾದದ್ದು ಹೀಗೆ.

ಬಾವಿಗೆ ಹಳೆಯ ಚಿಕಿತ್ಸೆ ಒತ್ತುಪಟ್ಟಿ, ಮೃದುವಾಗಿ ನೀವುವುದು, ವ್ಯಾಯಾಮ. ನೀವುವ ವಿಧಾನಕ್ಕೆ 1930ರ ದಶಕದಲ್ಲಿ ರೂಪ ಕೊಟ್ಟವನು ಡೆನ್ಮಾರ್ಕಿನ ಎಮಿಲ್ ವಾಡರ್. ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಒತ್ತುಪಟ್ಟಿಯ ಜೊತೆಗೆ ಆಯುರ್ವೇದ, ಯೋಗಗಳನ್ನು ಬೆರೆಸಿ ಆನೆಕಾಲಿನ ಬಾವಿಗೆ ಚಿಕಿತ್ಸೆ ಕೊಡುತ್ತ ಹೆಸರಾಗಿದೆ. ಊದಿದ ಕೈಯಲ್ಲಿ ಕೊಡ ಎತ್ತಬೇಡಿ, ಭಾರ ಹೊರಬೇಡಿ ಎಂಬ ಕಟ್ಟಪ್ಪಣೆಯನ್ನು 2009ರಲ್ಲಿ 141 ಮಹಿಳೆಯರ ಮೇಲೆ ನಡೆದ ಅಮೆರಿಕದ ಅಧ್ಯಯನ ಅಲುಗಾಡಿಸಿತು: ನುರಿತವರ ನಿಗಾದಲ್ಲಿ ನಿಧಾನವಾಗಿ ಏರಿಸುವ ಭಾರ ಊತವನ್ನು ಹೆಚ್ಚಿಸಲಿಲ್ಲ. ಬಳೆ ಏರದಿರುವುದು, ರವಿಕೆಯ ತೋಳು ಒಂದೇ ಕಡೆ ಬಿಗಿಯುವುದು ಬಾವಿನ ಮೊದಲ ಸೂಚನೆಗಳು.

ಬಾವಿಗೆ ಶಸ್ತ್ರಕ್ರಿಯೆಯೂ ಉಂಟು. ಪ್ಯಾರಿಸಿನ ಕೊರಿನ್ ಬೆಕರ್ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೊಡೆಸಂದಿನ ಗ್ರಂಥಿಗಳನ್ನು ರಕ್ತನಾಳಸಮೇತ ಕಂಕುಳಿಗೆ ಕಸಿಮಾಡಿದ ಅನುಭವವಿದೆ. ಕಿಬ್ಬೊಟ್ಟೆಯ ಕೊಬ್ಬಿಗೆ ಆ ಗ್ರಂಥಿಗಳು ನೆರೆಯಲ್ಲೇ ಇರುವುದರಿಂದ ಈಗ ಕೆಲವೆಡೆ ಸ್ತನವನ್ನೂ ತೋಳಿನ ದಾರಿಯನ್ನೂ ಒಂದೇ ತುಂಡಿನಲ್ಲಿ, ಒಂದೇ ಶಸ್ತ್ರಕ್ರಿಯೆಯಲ್ಲಿ ಕಟ್ಟುತ್ತಾರೆ. ಗ್ರಂಥಿ ಕೊಟ್ಟ ಕಡೆಯ ಕಾಲು ಊದಿಬಿಡುವ ಭಯ ಉಂಟು. ಆದ್ದರಿಂದ ಕಾಲಿನ ರಸ ಹರಿಯುವ ಗ್ರಂಥಿಗಳು ಯಾವುವೆಂದು ಮೊದಲೇ ಗುರುತಿಸಿಕೊಂಡು, ಅವನ್ನು ಮುಟ್ಟದೆ ಬಿಡುತ್ತಾರೆ.