ಬರ್ನ್‌ಡನ್ ಪಾರ್ಕ್: ಸತ್ತವರ ಪಕ್ಕದಲ್ಲೇ ಮುಗಿದ ಆಟ

ಲೌರಿ ಎಂಬ ಇಂಗ್ಲಿಷ್ ಕಲಾವಿದ 1953ರಲ್ಲಿ ಬರೆದ ‘ಗೋಯಿಂಗ್ ಟು ದ ಮ್ಯಾಚ್’ ಚಿತ್ರ ನೀವೂ ನೋಡಿರಬಹುದು. ಕಡ್ಡಿಕಾಲಿನ ನೂರಾರು ಜನ ಮುಂದಕ್ಕೆ ಬಾಗಿಕೊಂಡು ಸ್ಟೇಡಿಯಂ ಕಡೆ ನಡೀತಿರ್ತಾರೆ. ತುಂಬಾ ದಿನದಿಂದ ನನ್ನ ಲ್ಯಾಪ್‌ಟಾಪಿನ ವಾಲ್‌ಪೇಪರ್ ಅದೇ. ಅದು ಬೋಲ್ಟನ್ ಊರಿನ ಬರ್ನ್‌ಡನ್ ಪಾರ್ಕ್ ಅಂತ ಗೊತ್ತಾಗಿದ್ದು ಮಾತ್ರ ಮೊನ್ನೆ. ಹಾಗೇ ಓದ್ತಾ ಹೋದೆ...

ಬೋಲ್ಟನ್ ವಾಂಡರರ್ಸ್ ತಂಡ 1895ರಿಂದ ಆಡುತ್ತಿದ್ದ ಮೈದಾನ ಅದು. ಒಂದು ತುದಿಯಲ್ಲಿ ರೈಲ್ವೆ ಏರಿ. ಅದರ ಇಳಿಜಾರಿನಲ್ಲಿ ಸಾವಿರಾರು ಜನ ನಿಂತೇ ಆಟ ನೋಡ್ತಿದ್ದರು.

1946ರ ಮಾರ್ಚ್ 9, ಶನಿವಾರ. ಮಹಾಯುದ್ಧದ ನಂತರದ ಮೊದಲ ಎಫ್‌ಎ ಕಪ್, ಕ್ವಾರ್ಟರ್ ಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಸ್ಟೋಕ್ ಸಿಟಿ, ಆ ತಂಡದಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್! ಸುಮಾರು 85,000 ಜನ ಬಂದಿದ್ದರು ಅಂತ ಅಂದಾಜು. ಯುದ್ಧಕಾಲದಲ್ಲಿ ಸರ್ಕಾರ ಒಂದು ಸ್ಟ್ಯಾಂಡನ್ನು ಉಗ್ರಾಣ ಮಾಡಿಕೊಂಡಿತ್ತು, ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಏರಿಯ ಪೂರ್ವದ ಗೇಟುಗಳು ಬಂದ್. ಆ ತುದಿಗೆ ಬಂದವರೆಲ್ಲ ಒಂದೇ ಮೂಲೆಯಿಂದ ನುಗ್ಗಬೇಕಾಯ್ತು. 2.40ಕ್ಕೆ ಗೇಟು ಮುಚ್ಚಿದರೂ ಜನ ಗೋಡೆ ಹತ್ತಿ, ಹಳಿ ದಾಟಿ ಬಂದರು. ಮಗನನ್ನು ಕರಕೊಂಡು ಹೊರಗೆ ಹೋದರೆ ಸಾಕು ಅಂತ ಒಬ್ಬ ಅಪ್ಪ ಬೀಗ ಹಾಕಿದ್ದ ಗೇಟೊಂದನ್ನು ತೆಗೆದ. ಅದರಿಂದಲೂ ಜನ ಒಳಗೇ ಬಂದರು.

ಆಟ ಶುರುವಾದ ಕೆಲವೇ ನಿಮಿಷಕ್ಕೆ ಎರಡು ತಡೆಕಂಬಿ ಮುರಿದವು. ಒಬ್ಬರ ಮೇಲೊಬ್ಬರು ಬಿದ್ದು 33 ಜನ ಸತ್ತರು.

ರೆಫರಿ ಆಟ ನಿಲ್ಲಿಸಿ ಆಟಗಾರರನ್ನು ಒಳಗೆ ಕಳಿಸಿದ. ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಆಡಿಸಿದರು! ಹೆಣಗಳಿಗೆ ಕೋಟು ಹೊದಿಸಿ ಗೆರೆಯ ಪಕ್ಕ ಮಲಗಿಸಿದ್ದರು. ಅಲ್ಲಿಗೆ ಮರದ ಹೊಟ್ಟು ಉದುರಿಸಿ ಹೊಸ ಗೆರೆ ಎಳೆದರು. ಹಾಫ್ ಟೈಮ್ ಇಲ್ಲದೇ ಬದಿ ಬದಲಿಸಿದರು. 0-0. ಮೊದಲ ಪಂದ್ಯ 2-0 ಗೆದ್ದಿದ್ದ ಬೋಲ್ಟನ್ ಸೆಮಿಫೈನಲ್‌ಗೆ ಹೋಯ್ತು.

ಓದಿ ಸಿಟ್ಟು ಬಂತು. ಆದ್ರೆ ಪಂದ್ಯ ರದ್ದಾದರೆ ಜನ ಕೆರಳಬಹುದು ಅನ್ನೋ ಭಯ ಪೊಲೀಸರಿಗಿತ್ತು. ಮೈದಾನದ ಬಹುಪಾಲು ಜನಕ್ಕೆ ಸಾವಿನ ಸುದ್ದಿಯೇ ಗೊತ್ತಿರಲಿಲ್ಲ. ನಾನು ಅಲ್ಲಿದ್ದಿದ್ದರೂ ಬಹುಶಃ ಆಡಿಸ್ತಿದ್ದೆ.

ನನಗೆ ಕ್ಷಮಿಸೋಕಾಗದ್ದು ಆಮೇಲಿನ ಕಥೆ. ಯಾವ ಭಾಗದಲ್ಲಿ ಎಷ್ಟು ಜನ ಹಿಡಿಸ್ತಾರೆ ಅಂತ ಮೊದಲೇ ನಿಗದಿ ಮಾಡಿ, ಒಳಗೆ ಬರೋರನ್ನು ಎಣಿಸಿ ಅಂತ ಮೋಲ್ವಿನ್ ಹ್ಯೂಸ್ ವರದಿ ಅದೇ ವರ್ಷ ಹೇಳಿತ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಬಗ್ ಸಿಕ್ಕಿತ್ತು, ಫಿಕ್ಸೂ ಗೊತ್ತಿತ್ತು. ಕಾನೂನು ಬಂದಿದ್ದು ಮಾತ್ರ 1975ರಲ್ಲಿ, ಅದೂ 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ 66 ಜನ ಸತ್ತ ಮೇಲೆ.

1986ರಲ್ಲಿ ಆ ಏರಿಯ ಅರ್ಧ ಭಾಗವನ್ನು ಸೂಪರ್‌ಮಾರ್ಕೆಟ್‌ಗೆ ಮಾರಿದರು. ಕೊನೆಯ ಪಂದ್ಯ 1997ರಲ್ಲಿ. ಆಮೇಲೆ ಉಳಿದದ್ದನ್ನೂ ಕೆಡವಿದರು, ಅಲ್ಲೂ ಸೂಪರ್‌ಮಾರ್ಕೆಟ್ ಬಂತು. ಲೌರಿಯ ಚಿತ್ರ 2022ರಲ್ಲಿ 78 ಲಕ್ಷ ಪೌಂಡಿಗೆ ಹರಾಜಾಯ್ತು.