ಮಾಡದ ಕೊಲೆಯ ಪಾಪಪ್ರಜ್ಞೆ

ಕೊಲೆ ಮಾಡಿದವನು ನಿಶ್ಚಿಂತನಾಗಿ ನಿದ್ರಿಸುವುದುಂಟು. ಮಾಡದವನು ತಾನೇ ಕೊಲೆಗಾರನೆಂದು ಬೆದರುವುದೂ ಉಂಟು. ಈ ಎರಡನೆಯವನ ಕಥೆಯನ್ನು ಹೇಳಿದ ಚಲನಚಿತ್ರ ಆಲ್ಫ್ರೆಡ್ ಹಿಚ್‌ಕಾಕ್‌ನ 'ಸ್ಪೆಲ್‌ಬೌಂಡ್'. ಅದು ಅಮೆರಿಕದಲ್ಲಿ ತೆರೆಕಂಡದ್ದು 1945ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವಾರಗಳ ತರುವಾಯ.

ಮನೋರೋಗಿಗಳ ಚಿಕಿತ್ಸಾಲಯವೊಂದಕ್ಕೆ ಡಾಕ್ಟರ್ ಎಡ್ವರ್ಡ್ಸ್ ಎಂಬ ಹೆಸರಿನಲ್ಲಿ ಹೊಸ ಮುಖ್ಯಸ್ಥನೊಬ್ಬ ಬರುತ್ತಾನೆ. ಬಿಳಿಯ ಮೇಜುವಸ್ತ್ರದ ಮೇಲೆ ಮುಳ್ಳುಚಮಚದ ಗೀರು ಕಂಡರೆ ಸಾಕು, ಅವನು ತಲ್ಲಣಿಸಿಹೋಗುತ್ತಾನೆ. ಅವನು ಎಡ್ವರ್ಡ್ಸ್ ಅಲ್ಲ. ತನ್ನ ನಿಜನಾಮವನ್ನೇ ಮರೆತವನು. ಎಡ್ವರ್ಡ್ಸ್‌ನನ್ನು ತಾನೇ ಕೊಂದೆನೆಂದು ನಂಬಿದವನು. ಗ್ರೆಗರಿ ಪೆಕ್ ಈ ಪಾತ್ರವನ್ನು ವಹಿಸಿದ್ದಾನೆ. ಅವನನ್ನು ನಂಬುವ ವೈದ್ಯೆ ಇಂಗ್ರಿಡ್ ಬರ್ಗ್‌ಮನ್. ಅವನ ಕನಸಿನ ದೃಶ್ಯವನ್ನು ರೂಪಿಸಿದವನು ಚಿತ್ರಕಾರ ಸಾಲ್ವಡಾರ್ ಡಾಲಿ. ಆ ಕನಸಿನ ಎಳೆ ಹಿಡಿದು ಹೊರಟಾಗ ಬಾಲ್ಯದ ದುರಂತವೊಂದು ಬೆಳಕಿಗೆ ಬರುತ್ತದೆ: ಆಟದ ಭರದಲ್ಲಿ ಜಾರಿಬಂದ ಇವನ ಹೊಡೆತಕ್ಕೆ ಸಿಕ್ಕಿ, ಸಹೋದರ ಮೊನಚಾದ ಕಂಬಿಗಳ ಮೇಲೆ ಬಿದ್ದು ಸತ್ತಿದ್ದ. ಎಡ್ವರ್ಡ್ಸ್‌ನನ್ನು ಕೊಂದವನಾದರೋ ಅದೇ ಚಿಕಿತ್ಸಾಲಯದ ಹಿರಿಯ ವೈದ್ಯ! ಅವನಲ್ಲಿ ಪಾಪಪ್ರಜ್ಞೆಯ ಸುಳಿವೂ ಇಲ್ಲ.

ಮನೋವಿಶ್ಲೇಷಣೆಯನ್ನು ತೆರೆಗೆ ತಂದುದರಲ್ಲಿ ಇದು ಮೊದಲಿನದಲ್ಲ. 1926ರಲ್ಲಿಯೇ ಜರ್ಮನಿಯಲ್ಲಿ ಪಾಬ್ಸ್ಟ್ ಅಂಥ ಪ್ರಯತ್ನ ಮಾಡಿದ್ದ. ಸಹಕರಿಸಲು ಫ್ರಾಯ್ಡ್ ಒಪ್ಪಲಿಲ್ಲ. 'ಸ್ಪೆಲ್‌ಬೌಂಡ್' ನಿರ್ಮಾಪಕ ಸೆಲ್ಜ್‌ನಿಕ್ ಸ್ವತಃ ಮನೋವಿಶ್ಲೇಷಣೆಗೆ ಒಳಗಾಗಿದ್ದವನು. ಅವನ ವೈದ್ಯೆಯೇ ಚಿತ್ರಕ್ಕೆ ಸಲಹೆಗಾರ್ತಿ. ಆದರೂ ನೆನಪೊಂದು ಮರಳಿದೊಡನೆ ರೋಗವೇ ಮಾಯವಾಗುವ ಸೌಲಭ್ಯ ಚಿತ್ರಕಥೆಗೆ ಉಂಟೇ ಹೊರತು ಬದುಕಿಗೆ ಇಲ್ಲ.

ಈ ನಾಯಕ ಸೈನ್ಯದಲ್ಲಿ ವೈದ್ಯನಾಗಿದ್ದವನು; ಅವನ ಕೈಯಲ್ಲಿ ಯುದ್ಧದ ಸುಟ್ಟ ಕಲೆಯಿದೆ ಎಂಬುದನ್ನು ಪ್ರೇಕ್ಷಕರು ಬಹುಬೇಗ ಮರೆಯುತ್ತಾರೆ. ಆದರೆ ಆಗ ನಿಜವಾದ ಸೈನಿಕರು ಅಂಥದೇ ಕಲೆಗಳನ್ನು ಮನಸ್ಸಿನಲ್ಲಿ ಹೊತ್ತು ಮನೆಗೆ ಮರಳುತ್ತಿದ್ದರು. ಅವರನ್ನು ಕುರಿತು ಜಾನ್ ಹ್ಯೂಸ್ಟನ್ ಅಮೆರಿಕದ ಸೈನ್ಯಕ್ಕಾಗಿಯೇ ಒಂದು ಸಾಕ್ಷ್ಯಚಿತ್ರ ತೆಗೆದ. ಹೆಸರು 'ಲೆಟ್ ದೇರ್ ಬಿ ಲೈಟ್'. ನ್ಯೂಯಾರ್ಕ್ ಸಮೀಪದ ಸೈನಿಕ ಆಸ್ಪತ್ರೆಯಲ್ಲಿ ಚಿತ್ರೀಕರಿಸಿದ ಅದರಲ್ಲಿ ಮಾತು ಕಟ್ಟಿಹೋದವರು, ನಡೆಯಲಾರದವರು, ಹೆಸರು ಮರೆತವರು ಕಾಣುತ್ತಾರೆ. ಅಲ್ಲಿಯೂ ಚಿಕಿತ್ಸೆ ಬೇಗನೆ ಫಲಿಸುವಂತೆ ತೋರುತ್ತದೆ, ನಿಜ. ಆದರೆ ಅವರ ಕಣ್ಣೀರು ನಟನೆಯದಲ್ಲ.

1946ರಲ್ಲಿ ಸೈನ್ಯವೇ ಅದರ ಪ್ರದರ್ಶನವನ್ನು ತಡೆಯಿತು. ರೋಗಿಗಳ ಖಾಸಗಿತನವನ್ನು ಕಾರಣವಾಗಿ ಮುಂದಿಟ್ಟಿತು. ಸಾರ್ವಜನಿಕರ ಕಣ್ಣಿಗೆ ಅದು ಬೀಳಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಕಲ್ಪಿತ ರೋಗಿಯ ಚಿತ್ರಕ್ಕೆ ಆ ವೇಳೆಗಾಗಲೇ ಸಂಗೀತಕ್ಕಾಗಿ ಆಸ್ಕರ್ ಬಹುಮಾನ ಸಂದಿತ್ತು.

ತೆರೆಯ ಮೇಲಿನ ನೊಂದ ಮನಸ್ಸಿಗೆ ನಾವು ಮರುಗುತ್ತೇವೆ, ಚಪ್ಪಾಳೆಯನ್ನೂ ತಟ್ಟುತ್ತೇವೆ. ನಮ್ಮ ನೆರೆಮನೆಯಲ್ಲಿ ಅಂಥವನೊಬ್ಬನಿದ್ದರೆ ಕದ ಮುಚ್ಚಿಕೊಳ್ಳುತ್ತೇವೆ. ಹಿಚ್‌ಕಾಕ್‌ನ ವೈದ್ಯೆ ರೋಗ ತಿಳಿಯುವ ಮೊದಲೇ ಮನುಷ್ಯನನ್ನು ನಂಬಿದಳು. ಅದು ಅವಳ ಪ್ರೇಮದ ಕುರುಡೆಂದು ಹಿರಿಯರು ನಕ್ಕರು. ಎಂಟು ದಶಕಗಳ ಬಳಿಕವೂ ಆ ಚಿತ್ರದಿಂದ ಕಲಿಯಬಹುದಾದ ಚಿಕಿತ್ಸೆ ಬಹುಶಃ ಆ ನಂಬಿಕೆಯೊಂದೇ.