ಜೆನ್ನಾರೊ

ಜೆನ್ನಾರೊ: ಇಟಲಿಯ ಒಂದು ಗಂಡು ಹೆಸರು. ಬಳಕೆ ಹೆಚ್ಚಾಗಿ ದಕ್ಷಿಣದಲ್ಲಿ, ಅದರಲ್ಲೂ ನೇಪಲ್ಸ್ ನಗರ ಮತ್ತು ಅದು ಸೇರಿದ ಕಂಪಾನಿಯ ಪ್ರಾಂತದಲ್ಲಿ.

ಹೆಸರಿನ ಮೂಲ ಲ್ಯಾಟಿನ್ನಿನ ಇಯಾನುವಾರಿಯುಸ್. ಬಾಗಿಲುಗಳಿಗೂ ಆರಂಭಗಳಿಗೂ ಒಡೆಯನೆಂದು ರೋಮನ್ನರು ಪೂಜಿಸುತ್ತಿದ್ದ ಎರಡು ಮುಖದ ದೇವರು ಇಯಾನುಸ್. ಅವನಿಂದ ಜನವರಿ ತಿಂಗಳಿಗೆ ಹೆಸರು ಬಂತು, ತಿಂಗಳಿನಿಂದ ಮನುಷ್ಯರಿಗೆ. ಜನವರಿಯಲ್ಲಿ ಹುಟ್ಟಿದ ಗಂಡುಮಗುವಿಗೆ ಇಡುತ್ತಿದ್ದ ಹೆಸರಿದು. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ‘ಜನವರಿ’ಯೂ ಇದೇ ಬೇರಿನದು. ಇಂದಿನ ಇಟಾಲಿಯನ್ನಿನಲ್ಲಿ ಮಾತ್ರ ತಿಂಗಳು ಜೆನ್ನಾಯೊ, ಮನುಷ್ಯ ಜೆನ್ನಾರೊ. ಲ್ಯಾಟಿನ್ನಿನ ‘ಆರಿಯುಸ್’ ಎಂಬ ಕೊನೆ ಟಸ್ಕನಿಯಲ್ಲಿ ‘ಆಯೊ’ ಆಯಿತು, ದಕ್ಷಿಣದಲ್ಲಿ ‘ಆರೊ’ ಎಂದು ಉಳಿಯಿತು. ಶಿಷ್ಟ ಇಟಾಲಿಯನ್ ಬೆಳೆದದ್ದು ಟಸ್ಕನಿಯ ಮಾತಿನ ಮೇಲೆ. ಆದ್ದರಿಂದ ತಿಂಗಳ ಹೆಸರು ಟಸ್ಕನಿಯದಾಯಿತು, ವ್ಯಕ್ತಿಯ ಹೆಸರು ನೇಪಲ್ಸಿನದಾಗಿಯೇ ನಿಂತಿತು.

ಆದರೆ ಇಂದು ಮಗುವಿಗೆ ಈ ಹೆಸರಿಡುವವರು ತಿಂಗಳನ್ನು ನೋಡುವುದಿಲ್ಲ, ಸಂತನನ್ನು ನೆನೆಯುತ್ತಾರೆ. ಬೆನೆವೆಂತೊದ ಬಿಷಪ್ ಆಗಿದ್ದ ಸಂತ ಜೆನ್ನಾರೊನನ್ನು ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದಲ್ಲಿ ಕ್ರೈಸ್ತರ ಮೇಲೆ ನಡೆದ ಕಿರುಕುಳದಲ್ಲಿ, ಕ್ರಿ.ಶ. 305ರಲ್ಲಿ, ಪೊತ್ಸುವೋಲಿ ಬಳಿ ತಲೆ ಕಡಿದು ಕೊಲ್ಲಲಾಯಿತೆಂಬುದು ಸಂಪ್ರದಾಯದ ಕಥನ. ಅವನು ನೇಪಲ್ಸಿನ ಪಾಲಕ ಸಂತ. ಅವನದೆಂದು ನಂಬಲಾದ ಹೆಪ್ಪುಗಟ್ಟಿದ ರಕ್ತವನ್ನು ಗಾಜಿನ ಕುಪ್ಪಿಗಳಲ್ಲಿ ಅಲ್ಲಿನ ಪ್ರಧಾನ ಚರ್ಚಿನಲ್ಲಿ ಕಾಪಾಡಿದ್ದಾರೆ. ಅದು ಕರಗಿ ದ್ರವವಾದ ಮೊದಲ ದಾಖಲೆ 1389ರದು. ವರ್ಷಕ್ಕೆ ಮೂರು ಸಲ ಜನ ಈ ಕರಗುವಿಕೆಗಾಗಿ ಕಾಯುತ್ತಾರೆ: ಮೇ ತಿಂಗಳ ಮೊದಲ ಭಾನುವಾರದ ಹಿಂದಿನ ಶನಿವಾರ, ಸಂತನ ಹಬ್ಬವಾದ ಸೆಪ್ಟೆಂಬರ್ 19, ಮತ್ತು 1631ರ ವೆಸೂವಿಯಸ್ ಸ್ಫೋಟದ ನೆನಪಿನ ಡಿಸೆಂಬರ್ 16. ರಕ್ತ ಕರಗದಿದ್ದರೆ ಊರಿಗೆ ಕೇಡು ಎಂಬ ನಂಬಿಕೆಯಿದೆ. ಚರ್ಚು ಇದನ್ನು ಪವಾಡವೆಂದು ವಿಧ್ಯುಕ್ತವಾಗಿ ಸಾರಿಲ್ಲ, ಭಕ್ತರು ಆ ಘೋಷಣೆಗಾಗಿ ಕಾದಿಲ್ಲ. ಪ್ಲೇಗು ಹಬ್ಬಿದ್ದ 1527ರಲ್ಲಂತೂ ನಗರವು ಸಂತನೊಡನೆ ಬರಹದಲ್ಲೇ ಕರಾರು ಮಾಡಿಕೊಂಡು, ಕಾಪಾಡಿದರೆ ಹೊಸ ಪ್ರಾರ್ಥನಾಮಂದಿರ ಕಟ್ಟಿಸುವ ಹರಕೆ ಹೊತ್ತಿತು. ಕಟ್ಟಡ ಮುಗಿದದ್ದು ಮುಂದಿನ ಶತಮಾನದಲ್ಲಿ. ಸಂತನ ಹಬ್ಬವೇ ಅವನ ಹೆಸರಿನವರ ನಾಮದಿನವೂ ಆದ್ದರಿಂದ, ಜನವರಿಯ ಹೆಸರು ಹೊತ್ತವರ ನಾಮದಿನ ಸೆಪ್ಟೆಂಬರಿನಲ್ಲಿ ಬರುತ್ತದೆ.

ಮುದ್ದಿನ ರೂಪ ಜೆನ್ನಾರಿನೊ. ಅದರ ಬಾಲವನ್ನಷ್ಟೇ ಹಿಡಿದು ರೀನೊ ಎಂದು ಕರೆಯುವುದೂ ಉಂಟು. ಹೊಸ ಕಾಲದವರಿಗೆ ಜೆನ್ನಿ. ಎಲೆನಾ ಫೆರ್ರಾಂತೆಯ ನೇಪಲ್ಸ್ ಕಾದಂಬರಿಗಳಲ್ಲಿ ಲೀಲಾ ಎಂಬ ಪಾತ್ರದ ಮಗ ಜೆನ್ನಾರೊನನ್ನು ರೀನೊ ಎಂದೂ ಕೂಗುತ್ತಾರೆ. ಎದುಆರ್ದೊ ದೆ ಫಿಲಿಪ್ಪೊ 1945ರ ‘ನಾಪೊಲಿ ಮಿಲಿಯೊನಾರಿಯಾ’ ನಾಟಕದಲ್ಲಿ ಯುದ್ಧದಿಂದ ಮರಳುವ ಮನೆಯ ಯಜಮಾನನಿಗೆ ಇಟ್ಟದ್ದೂ ಇದೇ ಹೆಸರು. ಪಾತ್ರ ನೇಪಲ್ಸಿನವನೆಂದು ತಿಳಿಸಲು ಇದಕ್ಕಿಂತ ಚಿಕ್ಕ ದಾರಿ ಇಟಾಲಿಯನ್ ಬರಹಗಾರರಿಗೆ ಇಲ್ಲ. ಆದರೂ ಹೆಸರು ನೇಪಲ್ಸಿನ ಗಡಿಯೊಳಗೇ ಉಳಿದಿಲ್ಲ: 2006ರ ವಿಶ್ವಕಪ್ ಗೆದ್ದ ಫುಟ್ಬಾಲ್ ಆಟಗಾರ ಜೆನ್ನಾರೊ ಗತ್ತೂಸೊ ಕಲಾಬ್ರಿಯದವನು.

ವಲಸೆ ಹೋದವರು ಸಂತನನ್ನೂ ಜೊತೆಗೆ ಒಯ್ದರು. ನ್ಯೂಯಾರ್ಕಿನ ಲಿಟಲ್ ಇಟಲಿಯಲ್ಲಿ 1926ರಿಂದ ಸೆಪ್ಟೆಂಬರಿನಲ್ಲಿ ಅವನ ಉತ್ಸವ ನಡೆದುಬಂದಿದೆ. ದಿ ಜೆನ್ನಾರೊ ಎಂಬ ಮನೆತನದ ಹೆಸರೂ ಇದೆ. ಸ್ಪ್ಯಾನಿಷಿನ ಹೆನಾರೊ, ಪೋರ್ಚುಗೀಸಿನ ಜನುವಾರಿಯು, ಫ್ರೆಂಚಿನ ಜಾನ್ವಿಯೆ ಇದರ ಸೋದರ ರೂಪಗಳು. ಹೆಣ್ಣಿಗೆ ಜೆನ್ನಾರಾ ಎಂಬ ರೂಪವಿದ್ದರೂ ಬಳಕೆ ಅಪರೂಪ.